ದಾರದಕ್ಕನ ಎಡಮೊಣಕೈ

ಹೊಟ್ಟೆಕಿಚ್ಚೂ ಒಂದು ಕಾಯಿಲೆ ಎಂದು ಯಾರಾದರೂ ಅರ್ಜಿ ಬರೆದು, ಅದರ ಸಂಶೋಧನೆಗೆ ಸರ್ಕಾರದಿಂದ ಅನುದಾನ ತಂದಿದ್ದರೆ, ಮೊಟ್ಟಮೊದಲು ತೆಗೆಯಬೇಕಾಗಿದ್ದುದು ದಾರದಕ್ಕನ ರಕ್ತ. ಇದು ಯಾರೋ ಬೆನ್ನ ಹಿಂದೆ ಆಡಿದ ಮಾತಲ್ಲ, ಅವಳೇ ಆಮೇಲೆ ನಗುತ್ತ ಹೇಳಿದ್ದು. ಆ ನಗು ಬರುವುದಕ್ಕೆ ಮಾತ್ರ ಬಹಳ ದಿನ ಹಿಡಿಯಿತು.

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧದ ಉಗ್ರಾಣಕ್ಕೂ ನಡುವೆ, ಮರೆವಿನ ಕಾಯಿಲೆಯ ಪ್ರಯೋಗಾಲಯವಿದೆ. ಬಾಗಿಲ ಮೇಲೆ ಆಲ್ಜೈಮರ್ಸ್ ಎಂದು ಬರೆದ ಬೋರ್ಡು, ಒಳಗೆ ಎರಡು ಕೋಣೆ. ಅಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಟೆಕ್ನಿಷಿಯನ್. ಮರೆವು ಹಿಡಿದವರ ರಕ್ತ, ಅವರ ಒಡಹುಟ್ಟಿದವರ ರಕ್ತ ಅವಳ ಮೇಜಿಗೆ ಬರುತ್ತದೆ. ಕೆಂಪನ್ನು ತೊಳೆದು, ಉಪ್ಪು ಹಾಕಿ, ತಣ್ಣನೆಯ ಆಲ್ಕೋಹಾಲು ಸುರಿದು, ಟ್ಯೂಬನ್ನು ನಿದ್ದೆಗಣ್ಣಿನ ಮಗುವನ್ನು ತೂಗುವಷ್ಟು ನಿಧಾನವಾಗಿ ತಿರುಗಿಸಿದರೆ ಒಳಗೆ ಬಿಳಿಯ ಎಳೆಯೊಂದು ಏಳುತ್ತದೆ. ಅದೇ ಡಿಎನ್‌ಎ. ಅದನ್ನು ಕಡಿಯದಂತೆ ಗಾಜಿನ ಕಡ್ಡಿಗೆ ಸುತ್ತಿಕೊಳ್ಳುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಹಾಗಾಗಿ ಆಸ್ಪತ್ರೆಗೆಲ್ಲ ಅವಳು ದಾರದಕ್ಕ.

ಮೊದಲನೆಯ ದಾರ ಅವಳ ಅಮ್ಮನದೇ. ಅಮ್ಮ ಆಗ ಇದೇ ಆಸ್ಪತ್ರೆಯ ವಾರ್ಡಿನಲ್ಲಿದ್ದಳು. ಗಂಡನ ಹೆಸರು ಮರೆತಿದ್ದಳು, ಮನೆ ಮರೆತಿದ್ದಳು, ಮಗಳನ್ನು ನರ್ಸ್ ಅಂದುಕೊಂಡಿದ್ದಳು. ಮರೆಯದೆ ಉಳಿದದ್ದು ಒಂದೇ. ಮಗಳು ಚಮಚ ಎಡಗೈಯಲ್ಲಿ ಹಿಡಿದು ತಿನ್ನಿಸಲು ಹೋದರೆ ಸಾಕು, "ಬಲಗೈಲಿ ಹಿಡಿಯೇ, ಮೊಂಡಿ!" ಎಂದು ಗದರುತ್ತಿದ್ದಳು. ಸ್ಲೇಟು ಹಿಡಿಯುವ ಕಾಲದಿಂದ ಎಡಗೈ ಮೇಲೆ ಏಟು ಕೊಟ್ಟೂ ಕೊಟ್ಟೂ ಮಗಳಿಗೆ ಬಲಗೈಯಲ್ಲಿ ಬರೆಯುವುದನ್ನು ಕಲಿಸಿದವಳು ಅವಳೇ. ಆ ಗದರಿಕೆ ಕೇಳಿಸಿಕೊಳ್ಳಲೆಂದೇ ದಾರದಕ್ಕ ದಿನವೂ ಬೇಕೆಂದು ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದಳು. ಅಮ್ಮ ಹೋಗಿ ಹದಿನಾರು ವರ್ಷವಾಯಿತು. ಫ್ರೀಜರಿನಲ್ಲಿ ಅವಳ ದಾರ ಒಂದನೇ ನಂಬರಾಗಿ ಉಳಿಯಿತು.

ದೊಡ್ಡ ಡಾಕ್ಟರು ಇಷ್ಟು ವರ್ಷ ಸರ್ಕಾರಕ್ಕೆ ಅರ್ಜಿ ಹಾಕಿಯೇ ಹಾಕಿದರು. ಮೂರು ಸಲ ವಾಪಸ್ಸು ಬಂತು. ನಾಲ್ಕನೆಯ ಸಲ ಮಂಜೂರಾಯಿತು. ಒಂದೇ ಮನೆಯಲ್ಲಿ ಒಬ್ಬರಿಗೆ ಮರೆವು ಬಂದು ಇನ್ನೊಬ್ಬರಿಗೆ ಯಾಕೆ ಬರಲಿಲ್ಲ ಎಂದು ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದಿ ಕಂಡುಹಿಡಿಯಬೇಕು, ಅದಕ್ಕೆ ಓದುವ ಮಷಿನ್ನು, ಐದು ವರ್ಷ ಅನುದಾನ. ಅರ್ಜಿಗೆ ಬಲ ಬಂದದ್ದೇ ದಾರದಕ್ಕ ಕೂಡಿಟ್ಟ ನಾನೂರ ಎಂಬತ್ತು ಮಂದಿಯ ಡಿಎನ್‌ಎಯಿಂದ. ಮಂಜೂರಾತಿಯ ಕಾಗದವನ್ನು ಅವಳೂ ಓದಿದಳು. ಮಷಿನ್ನಿಗೆ ಎರಡು ಪುಟ, ಅದನ್ನು ನಡೆಸಲು ಬರುವ ವಿಜ್ಞಾನಿಗೆ ಅರ್ಧ ಪುಟ. ಕೊನೆಯಲ್ಲಿ ಒಂದು ಸಾಲು: ಸಹಾಯಕ ಸಿಬ್ಬಂದಿ, ಒಂದು.

"ಒಂದಂತೆ, ಒಂದು! ಪೊರಕೆ ಲೆಕ್ಕ ಬರೆದ ಹಾಗೆ," ಎಂದು ಮನೆಗೆ ಬಂದು ಗಂಡನ ಮುಂದೆ ಹಾರಾಡಿದಳು. ಗಂಡ ಕನ್ನಡಕದ ಅಂಗಡಿಯವನು. ದಿನವಿಡೀ ಬೇರೆಯವರ ಕಣ್ಣು ನೋಡಿ ನೋಡಿ ಮಾತು ಕಡಿಮೆ ಮಾಡಿಕೊಂಡವನು. "ಒಂದು ಅಂತಾದ್ರೂ ಇದೆಯಲ್ಲ," ಎಂದ.

ಮಷಿನ್ ಬಂತು, ಹಿಂದೆಯೇ ಮಷಿನ್ ಹುಡುಗಿ ಬಂದಳು. ಮೂವತ್ತು ದಾಟಿಲ್ಲ, ಆಗಲೇ ಡಾಕ್ಟರೇಟು. ದಾರದಕ್ಕ ಊಟದ ಡಬ್ಬಿ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಮಷಿನ್ನಿಗೆ ಏಸಿ ಹಾಕಿಸಿದರು. ಹುಡುಗಿಗೆ ಚಕ್ರದ ಕುರ್ಚಿ. ದಾರದಕ್ಕನಿಗೆ ಅದೇ ಹಳೇ ಸ್ಟೂಲು, ತಲೆಯ ಮೇಲೆ ರೆಕ್ಕೆ ಸೊಟ್ಟಗಾದ ಅದೇ ಫ್ಯಾನು. ಹೋಗಲಿ ಎಂದರೆ, ಹುಡುಗಿ ಕೆಟ್ಟವಳೂ ಆಗಿರಲಿಲ್ಲ. ಅದೇ ದೊಡ್ಡ ಸಂಕಟ. ಬಟ್ಟೆ ಒಗೆಯುವವಳ ಮಂಡಿನೋವು ಎರಡನೇ ದಿನಕ್ಕೇ ಅವಳಿಗೆ ಗೊತ್ತಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ದಾರದಕ್ಕನ ಒಂದು ಜೋಕಿಗೂ ಹಲ್ಲು ಬಿಡದ ದೊಡ್ಡ ಡಾಕ್ಟರು ಆ ಹುಡುಗಿಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದಾರ ಸುತ್ತುವುದನ್ನು ಮೊದಲ ಸಲ ನೋಡಿದಾಗ ಹುಡುಗಿ ಕಣ್ಣರಳಿಸಿ, "ಅಬ್ಬಾ, ಎಷ್ಟು ಚೆನ್ನಾಗಿದೆ ಅಕ್ಕಾ! ಇದನ್ನ ಮ್ಯೂಸಿಯಮ್ಮಲ್ಲಿ ಇಡಬೇಕು," ಎಂದಳು. ಹೊಗಳಿಕೆಯೇ, ಪಾಪ. ದಾರದಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಆ ಉರಿಗೆ ತುಪ್ಪ ಸುರಿದದ್ದು ಪತ್ರಿಕೆಯವರು. ಬಂದು ಫೋಟೋ ಹೊಡೆದುಕೊಂಡು ಹೋದರು. ಮೂರನೇ ಪುಟದಲ್ಲಿ ಬಂತು: ನಡುವೆ ಮಷಿನ್ನು, ಆ ಕಡೆ ಡಾಕ್ಟರು, ಈ ಕಡೆ ನಗುತ್ತಿರುವ ಹುಡುಗಿ. ಚಿತ್ರದ ಅಂಚಿನಲ್ಲಿ, ತೆರೆದ ಬಾಗಿಲಾಚೆಯ ಮೇಜಿನಲ್ಲಿ, ಯಾರದೋ ಮೊಣಕೈ, ಹನಿ ಅಳೆದು ಹಾಕುವ ಪಿಪೆಟ್ ಹಿಡಿದ ಕೈ, ಅಷ್ಟೆ. ಉಳಿದ ದಾರದಕ್ಕನನ್ನು ಕತ್ತರಿಸಿ ಎಸೆದಿದ್ದರು. ಹುಡುಗಿ ಆ ಪುಟವನ್ನು ಮಷಿನ್ನಿನ ಪಕ್ಕದ ಗೋಡೆಗೆ ಅಂಟಿಸಿದಳು. ಮೊಣಕೈ ದಾರದಕ್ಕನನ್ನು ದಿನವೂ ಅಣಕಿಸತೊಡಗಿತು.

ಹೀಗಿರುವಾಗ ಒಂದು ಸೋಮವಾರ ಡಾಕ್ಟರು ಇಬ್ಬರನ್ನೂ ಕರೆದು ಬಾಗಿಲು ಹಾಕಿದರು. ಹುಡುಗಿಯ ಮುಖ ಬಿಳುಚಿಕೊಂಡಿತ್ತು.

"ಹಳೇ ಸ್ಯಾಂಪಲ್‌ಗಳ ಐದೂ ಪ್ಲೇಟ್ ಓದಿದ್ದಾಯ್ತು," ಎಂದರು ಡಾಕ್ಟರು. "ಅರ್ಧಕ್ಕರ್ಧ ತಾಳೆ ಆಗ್ತಿಲ್ಲ. ನಮ್ಮ ದಾಖಲೆ ಪುಸ್ತಕದಲ್ಲಿ ಗಂಡು ಅಂತಿದ್ರೆ ಮಷಿನ್ ಹೆಣ್ಣು ಅನ್ನುತ್ತೆ, ಹೆಣ್ಣು ಅಂತಿದ್ರೆ ಗಂಡು ಅನ್ನುತ್ತೆ. ಒಂದನೇ ನಂಬರೇ ಗಂಡು ಅಂತೆ. ಹನ್ನೆರಡು ಹೆಣ್ಣಂತೆ."

ದಾರದಕ್ಕನಿಗೆ ನಂಬರೆಲ್ಲ ಬಾಯಿಪಾಠ. ಒಂದು ಎಂದರೆ ಅಮ್ಮ. ಹನ್ನೆರಡು, ಮನೆಗೆ ಬಂದವರನ್ನೆಲ್ಲ ಟಿಕೆಟ್ ಕೇಳುತ್ತಿದ್ದ ಆ ಹಳೇ ಬಸ್ ಕಂಡಕ್ಟರು. ಪ್ಲೇಟಿನ ಒಂದು ಸಾಲಿಗೆ ಹನ್ನೆರಡು ಗುಳಿ. ಸಾಲಿನ ಈ ತುದಿಯವರು ಆ ತುದಿಗೆ ಹೋಗಿದ್ದರು.

ಅವಳಿಗೆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಫ್ರೀಜರಿನಲ್ಲಿ ಜಾಗ ಸಾಲದೆ, ವರ್ಷಗಳ ಹಿಂದೆ ಟ್ಯೂಬುಗಳಲ್ಲಿದ್ದುದನ್ನು ತೊಂಬತ್ತಾರು ಗುಳಿಗಳ ಪ್ಲೇಟುಗಳಿಗೆ ಅವಳೇ ವರ್ಗಾಯಿಸಿದ್ದಳು. ಗುಳಿ ಒಂದು ಬಟಾಣಿ ಹಿಡಿಯುವಷ್ಟು, ನಂಬರು ಬರೆಯಲು ಜಾಗವಿಲ್ಲ. ಕ್ರಮ ಮಾತ್ರ ಪುಸ್ತಕದಲ್ಲಿತ್ತು. ಲೋಕವೆಲ್ಲ ಎಡದಿಂದ ಬಲಕ್ಕೆ ತುಂಬುತ್ತದೆ. ಅವಳು ಬಲದಿಂದ ಎಡಕ್ಕೆ ತುಂಬಿದ್ದಳು, ಏಕೆಂದರೆ ಪಿಪೆಟ್ ಅವಳ ಎಡಗೈಯಲ್ಲಿತ್ತು, ತುಂಬಿದ ಗುಳಿಯ ಮೇಲೆ ಕೈ ಹಾಯಬಾರದು. ನಾಲ್ಕು ಜನರ ಎದುರು ಬರೆಯುವುದು, ಸಹಿ ಹಾಕುವುದು, ಲೋಟ ಹಿಡಿಯುವುದು ಎಲ್ಲ ಬಲಗೈ. ಗೋಡೆಗೆ ಮುಖ ಮಾಡಿ ಕೂತ ಮೇಜಿನಲ್ಲಿ ಮಾತ್ರ ಎಡಗೈ. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಗಮನಿಸಿದವರೂ ಇಲ್ಲ, ಕೇಳಿದವರೂ ಇಲ್ಲ.

"ಗುರುವಾರ ಸರ್ಕಾರದ ಕಮಿಟಿ ಬರುತ್ತೆ," ಡಾಕ್ಟರು ಹಣೆ ಉಜ್ಜಿಕೊಂಡರು. "ಯಾರ ಸ್ಯಾಂಪಲ್ ಯಾವುದು ಅಂತ ನಮಗೇ ಗೊತ್ತಿಲ್ಲ ಅಂದ್ರೆ ಮುಂದಿನ ವರ್ಷದ ಅನುದಾನ ಮರೆತುಬಿಡಬೇಕು. ಐದೂ ಪ್ಲೇಟ್ ಕೈಬಿಡಬೇಕಾಗುತ್ತೆ. ಅದರಲ್ಲಿ ಮುಕ್ಕಾಲು ಜನ ಈಗ ಬದುಕಿಲ್ಲ, ಮತ್ತೆ ರಕ್ತ ತೆಗೆಯೋಣ ಅಂದ್ರೆ ಎಲ್ಲಿಂದ ತರೋದು?" ಆಮೇಲೆ ಹುಡುಗಿಯ ಕಡೆ ತಿರುಗಿ, "ಮಷಿನ್‌ಗೆ ಹಾಕುವಾಗ ನೀವೇ ಎಲ್ಲೋ ಕಲಸಿಬಿಟ್ಟಿದೀರಿ," ಎಂದರು. ನಗುತ್ತಿದ್ದ ಡಾಕ್ಟರು ಎಲ್ಲಿ ಹೋದರೋ.

ಮಾತು ದಾರದಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿಯ ಕಣ್ಣಲ್ಲಿ ನೀರು ಕಂಡಿತು. ಕಂಡದ್ದೇ ತಡ, ಒಳಗೆ ಯಾರೋ ತಣ್ಣೀರು ಎರಚಿದಷ್ಟು ಹಿತವಾಯಿತು. ಅಳಲಿ. ಮ್ಯೂಸಿಯಮ್ಮಿಗೆ ಕಳಿಸುತ್ತಾಳಂತೆ! ದಾರದಕ್ಕ ಬಾಯಿಗೆ ಬೀಗ ಹಾಕಿಕೊಂಡು ತನ್ನ ಸ್ಟೂಲಿಗೆ ಹೋಗಿ ಕೂತಳು.

ಮಂಗಳವಾರ, ಬುಧವಾರ ಹುಡುಗಿ ಮಷಿನ್ ಬಿಟ್ಟು ಏಳಲಿಲ್ಲ. ಡಬ್ಬಿ ತೆರೆಯಲಿಲ್ಲ. ಚಕ್ರದ ಕುರ್ಚಿ ಒಂದು ಸಲವೂ ಸದ್ದು ಮಾಡಲಿಲ್ಲ. ದಾರದಕ್ಕ ಎಲ್ಲವನ್ನೂ ಓರೆಗಣ್ಣಿನಲ್ಲಿ ನೋಡಿ ಸುಖಪಟ್ಟಳು. ಬೇಕಾದಾಗ ಹೇಳಿದರಾಯಿತು, ಇನ್ನೊಂದು ದಿನ ಒದ್ದಾಡಲಿ, ಇನ್ನೊಂದು ಗಂಟೆ ಒದ್ದಾಡಲಿ ಎಂದು ತನಗೆ ತಾನೇ ವಾಯಿದೆ ಹಾಕಿಕೊಂಡಳು.

ಬುಧವಾರ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗೆದ್ದವಳ ಖುಷಿಯಲ್ಲೇ ಹೇಳಿದಳು. ಅವನು ತುತ್ತು ಕೆಳಗಿಟ್ಟ.

"ಅಂದ್ರೆ, ಅತ್ತೇನ ಗಂಡಸು ಮಾಡಿಬಿಟ್ಟು ಸುಮ್ನೆ ಮನೆಗೆ ಬಂದ್ಯಾ?"

"ನಾನೆಲ್ಲಿ ಮಾಡ್ದೆ? ಮಷಿನ್ ಮಾಡಿದ್ದು."

"ನಾಳೆ ಅವರನ್ನ ಎತ್ತಿ ಕಸಕ್ಕೆ ಹಾಕ್ತಾರಲ್ಲ, ಅದನ್ನೂ ಮಷಿನ್ನೇ ಮಾಡುತ್ತಾ?"

ಅವಳ ತಟ್ಟೆಯಲ್ಲಿದ್ದುದು ಆರುತ್ತಾ ಹೋಯಿತು. ಅಮ್ಮ ತನ್ನನ್ನು ಮರೆತಳು ಎಂದು ಎಷ್ಟು ವರ್ಷ ಅತ್ತಿದ್ದಳು! ಈಗ ಎಲ್ಲ ನೆನಪಿಟ್ಟುಕೊಂಡೇ ತಾನು ಅಮ್ಮನನ್ನು ಕೈಬಿಡಲು ಹೊರಟಿದ್ದಳು. ಕೈತೊಳೆದುಕೊಂಡು ಎದ್ದು, "ನಾಳೆ ಹೇಳ್ತೀನಿ," ಎಂದಳು.

ಗುರುವಾರ ಬೆಳಗ್ಗೆ ಒಂದು ಗಂಟೆ ಮೊದಲೇ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು: ತಪ್ಪು ನನ್ನದು, ದೊಡ್ಡ ಮನಸ್ಸು ಮಾಡಿ. ಎಲ್ಲರೂ ಬೆರಗಾಗಿ ತನ್ನನ್ನೇ ನೋಡುವುದೂ ಕಣ್ಣಿಗೆ ಕಟ್ಟಿತ್ತು. ಬಾಗಿಲು ತೆಗೆದರೆ, ಹುಡುಗಿ ಆಗಲೇ ಬಂದು ಗೋಡೆಯ ಮೇಲಿನ ಪತ್ರಿಕೆಯ ಎದುರು ನಿಂತಿದ್ದಾಳೆ.

"ಅಕ್ಕಾ, ಇದು ನಿಮ್ಮ ಕೈ ಅಲ್ವಾ? ಎಡಗೈ! ನೀವು ಎಡಗೈಲಿ ಪಿಪೆಟ್ ಹಿಡೀತೀರಾ?"

ದಾರದಕ್ಕ ತಲೆಯಾಡಿಸಿದಳು.

"ನಿನ್ನೆ ಸಂಜೆ ಹೊರಡುವಾಗ ಕಣ್ಣಿಗೆ ಬಿತ್ತು. ಬೆಳಗ್ಗೆ ಬಂದು ಪಟ್ಟಿಯಲ್ಲಿ ಸಾಲುಗಳನ್ನ ತಿರುಗಿಸಿ ತಾಳೆ ನೋಡಿದೆ. ನಾನೂರ ಎಂಬತ್ತಕ್ಕೆ ನಾನೂರ ಎಂಬತ್ತೂ ಸರಿ ಅಕ್ಕಾ! ಒಂದೂ ತಪ್ಪಿಲ್ಲ!" ಎಂದವಳೇ ಬಂದು ಅವಳನ್ನು ಅಪ್ಪಿಕೊಂಡಳು. ಜೋಡಿಸಿಕೊಂಡು ಬಂದ ಮಾತನ್ನೆಲ್ಲ ದಾರದಕ್ಕ ಊಟದ ಡಬ್ಬಿಯ ಜೊತೆ ಹಾಗೇ ಪಕ್ಕಕ್ಕಿಟ್ಟಳು.

ಹತ್ತು ಗಂಟೆಗೆ ಕಮಿಟಿ ಬಂತು. ಇಬ್ಬರು ವಿಜ್ಞಾನಿಗಳು, ಇಲಾಖೆಯ ಒಬ್ಬ ಅಧಿಕಾರಿ. ಹುಡುಗಿ ಎದ್ದು ನಿಂತು ನಡೆದದ್ದನ್ನು ವಿವರಿಸಿದಳು. "ಪ್ಲೇಟ್ ಹೇಗೆ ತುಂಬಿದಾರೆ ಅಂತ ತುಂಬಿದವರನ್ನ ನಾನು ಕೇಳಬೇಕಿತ್ತು, ಕೇಳಲಿಲ್ಲ. ಪೂರಾ ನನ್ನ ತಪ್ಪು. ಅಕ್ಕನದು ಏನೂ ತಪ್ಪಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಗುಳಿಯೂ ಹೆಚ್ಚುಕಮ್ಮಿ ಆಗಿಲ್ಲ," ಎಂದಳು.

ವಿಜ್ಞಾನಿಗಳಲ್ಲಿ ಹಿರಿಯಾಕೆ ಕನ್ನಡಕ ತೆಗೆದು ಹುಡುಗಿಯನ್ನೇ ನೋಡಿದರು. "ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಅಪರೂಪ ಕಣಮ್ಮಾ."

ಅಯ್ಯೋ! ಅಲ್ಲಿಗೆ ಮುಗಿಯಿತು. ಕೋಣೆ ಹೋಯಿತು, ಕುರ್ಚಿ ಹೋಯಿತು, ಫೋಟೋ ಹೋಯಿತು, ಈಗ ತಪ್ಪು ಒಪ್ಪಿಕೊಂಡ ಪುಣ್ಯವೂ ಅವಳ ಪಾಲಿಗೇ ಹೋಯಿತೇ? ಇದನ್ನೂ ಬಿಟ್ಟುಕೊಟ್ಟರೆ ತನಗೆ ಉಳಿಯುವುದಾದರೂ ಏನು? ದಾರದಕ್ಕ ಸ್ಟೂಲು ಕಿರ್ರೆನ್ನುವಂತೆ ಎದ್ದು ನಿಂತಳು.

"ಅವಳದಲ್ಲ ತಪ್ಪು. ನನಗೆ ಸೋಮವಾರವೇ ಗೊತ್ತಾಗಿತ್ತು."

"ಏನು ಗೊತ್ತಾಗಿತ್ತು?" ಡಾಕ್ಟರು ಕೇಳಿದರು.

"ಸಾಲು ತಿರುಗಿದೆ ಅಂತ. ಗೊತ್ತಿದ್ದೂ ಹೇಳಲಿಲ್ಲ."

"ಯಾಕೆ?"

"ಹೊಟ್ಟೆಕಿಚ್ಚು ಸರ್."

ಇಲಾಖೆಯ ಅಧಿಕಾರಿ ಪೆನ್ನು ಹಿಡಿದವರು ಹಾಗೇ ಕೂತು, "ಇದನ್ನ ವರದೀಲಿ ಏನಂತ ಬರೆಯೋದು?" ಎಂದು ಪಕ್ಕದವರನ್ನು ಕೇಳಿದರು. ಕೊನೆಗೆ ಬರೆದದ್ದು ಇಷ್ಟು: ಅನುದಾನ ಮುಂದುವರಿಸಬಹುದು, ಪ್ರತಿ ಪ್ಲೇಟಿನ ಮೊದಲ ಗುಳಿಯ ಮೂಲೆಗೆ ಗುರುತು ಹಾಕತಕ್ಕದ್ದು.

ಹುಡುಗಿ ಮಾತ್ರ ಆ ಗಳಿಗೆಯಿಂದ ಅಕ್ಕಾ ಅನ್ನುವುದನ್ನು ಬಿಟ್ಟಳು. ನಾಲ್ಕು ದಿನ ಎದುರು ಬಂದರೂ ಗೋಡೆ ನೋಡಿಕೊಂಡು ಹೋದಳು. ಆ ಕರೆ ಇಷ್ಟು ದಿನ ಕಿವಿಗೆ ಹಿತವಾಗಿಯೇ ಕೇಳುತ್ತಿತ್ತೆಂದು ದಾರದಕ್ಕನಿಗೆ ಆಗ ತಿಳಿಯಿತು. ಐದನೇ ದಿನ ಹುಡುಗಿ ಕೈಯಲ್ಲಿ ಮಾರ್ಕರ್ ಪೆನ್ನು ಹಿಡಿದು ಬಂದು ಮೇಜಿನ ಪಕ್ಕ ನಿಂತಳು.

"ಮೂರು ದಿನ ನಾನು ಊಟ ಮಾಡಿಲ್ಲ, ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಡಬ್ಬಿ ಹಾಗೇ ವಾಪಸ್ ಹೋಗೋದು ನೋಡ್ತಿದ್ದೆ."

"ನೋಡಿಯೂ ಸುಮ್ನಿದ್ರಾ?"

"ಸುಮ್ನಿದ್ದೆ." ಪಿಪೆಟ್ ಕೆಳಗಿಟ್ಟು ಹೇಳಿದಳು, "ಕಮಿಟಿ ಮುಂದೆ ಎದ್ದು ನಿಂತಿದ್ದೂ ಒಳ್ಳೇತನದಿಂದ ಅಲ್ಲ. ಆವಮ್ಮ ನಿನ್ನ ಹೊಗಳಿದ್ದು ತಡೆಯೋಕಾಗ್ಲಿಲ್ಲ."

ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ನಗು ಬಂತೋ ಸಿಟ್ಟು ಬಂತೋ ಅವಳಿಗೇ ಗೊತ್ತಾಗದೆ, "ನಿಮ್ಮಂಥವರನ್ನ ನಾನು ನೋಡೇ ಇಲ್ಲ, ಥೂ!" ಎಂದು ಕೈ ಹಿಡಿದು ಮಷಿನ್ ಕೋಣೆಗೆ ಎಳೆದುಕೊಂಡು ಹೋದಳು. ಪರದೆಯ ಮೇಲೆ ಪಟ್ಟಿಯಿತ್ತು. ಮೊದಲನೆಯ ಸಾಲು: ಒಂದು, ಹೆಣ್ಣು. ದಾರದಕ್ಕ ಅದನ್ನು ಎರಡು ಸಲ ಓದಿದಳು.

ಹೊಟ್ಟೆಕಿಚ್ಚು ಹೋಯಿತೇ? ಎಲ್ಲಿಂದ! ಆ ಚಕ್ರದ ಕುರ್ಚಿ ಕಂಡರೆ ಈಗಲೂ ಚುರ್ರೆನ್ನುತ್ತದೆ.

ಐದು ಪ್ಲೇಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹುಡುಗಿ ಮಾರ್ಕರ್ ಕೊಟ್ಟಳು. "ಗುರುತು ನೀವೇ ಹಾಕಿ ಅಕ್ಕಾ." ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ದಾರದಕ್ಕ ಅಭ್ಯಾಸಬಲದಿಂದ ಪೆನ್ನನ್ನು ಬಲಗೈಯಲ್ಲಿ ತೆಗೆದುಕೊಂಡಳು. ಆಮೇಲೆ ಎಲ್ಲರ ಎದುರೇ ಅದನ್ನು ಎಡಗೈಗೆ ಬದಲಾಯಿಸಿ, ಅಮ್ಮನಿದ್ದ ಮೂಲೆಯ ಮೇಲೆ ಹಿಡಿದು, ಬೈಗುಳಕ್ಕೆ ಕಾಯುವ ಮಗುವಿನಂತೆ ಒಂದು ಗಳಿಗೆ ತಡೆದಳು.

ಯಾರೂ ಗದರಲಿಲ್ಲ. ಅವಳು ಚುಕ್ಕೆಯಿಟ್ಟು ಮುಂದಿನ ಪ್ಲೇಟನ್ನು ಎಳೆದುಕೊಂಡಳು.