ಮೇಲಿನ ಮನೆಯ ಹಾಕಿ ಅಣ್ಣತಮ್ಮ

ಐಸ್ ಹಾಕಿ ಎಂಬ ಆಟವೊಂದಿದೆ ಎಂದು ನನಗೆ ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಅದೂ ವಾಸನೆಯಿಂದ.

ನಿಮ್ಮಪ್ಪ, ಅಲ್ಲಿಯವರು ಕಂಪ್ಯೂಟರ್ ಕಲಿತವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕು, ಜರ್ಮನಿಗೆ ಹೋದ ಎರಡನೆಯ ವರ್ಷ ಅದು. ಮ್ಯಾನ್‌ಹೈಮ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಸಣ್ಣ ಊರಿನಲ್ಲಿ ಬಾಡಿಗೆಗಿದ್ದ. ನಿಮ್ಮಲ್ಲಿ ಕಿರಿಯವನು ಹುಟ್ಟಿದ್ದರಿಂದ ಬಾಣಂತನಕ್ಕೆ ನನ್ನನ್ನು ಮೂರು ತಿಂಗಳ ವೀಸಾದ ಮೇಲೆ ಕರೆಸಿಕೊಂಡಿದ್ದರು. ನಿಮ್ಮಜ್ಜ ತೀರಿಕೊಂಡು ಹತ್ತು ತಿಂಗಳಾಗಿತ್ತು. ಹೋದ ಮರುದಿನ ಬಾಗಿಲು ತೆರೆದರೆ ಮೆಟ್ಟಿಲ ತುಂಬ ಹುಳಿವಾಸನೆ, ಎತ್ತಿನ ಬೆನ್ನಿಗೆ ಹೊದಿಸುವ ಜೂಲು ಮಳೆಯಲ್ಲಿ ನೆನೆದಂತೆ.

“ಮ್ಯಾಲಿನ ಮನ್ಯಾಗ ಇಬ್ಬರು ಅಣ್ಣತಮ್ಮ ಅದಾರವ್ವ, ಅವರ ಚೀಲದ ವಾಸನಿ,” ಅಂದ ನಿಮ್ಮಪ್ಪ. “ಬರ್ಫದ ಮ್ಯಾಲ ಹಾಕಿ ಆಡ್ತಾರ.”

“ಕೆಲಸ ಏನ್ ಮಾಡ್ತಾರ?”

“ಅದ ಕೆಲಸ.”

“ಆಡೂದಕ್ಕ ಪಗಾರ ಕೊಡ್ತಾರೇನು?”

“ಬಿದ್ದದ್ದಕ್ಕೂ ಕೊಡ್ತಾರ,” ಎಂದು ನಕ್ಕ.

ಜೋಳದ ಚೀಲದಷ್ಟು ದೊಡ್ಡ ಚೀಲ ಹೆಗಲಿಗೇರಿಸಿ, ಕೈಯಲ್ಲಿ ಕೋಲುಗಳನ್ನು ಹಿಡಿದು ಅವರು ಇಳಿಯುವುದನ್ನು ನಾನು ಅಡಿಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ದೊಡ್ಡವನಿಗೆ ಮೂವತ್ತು ದಾಟಿರಬೇಕು, ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಸಣ್ಣವನಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ. ಇಬ್ಬರೂ ಪಕ್ಕದ ಊರಿನ ತಂಡದವರು. ಶುಕ್ರವಾರ, ರವಿವಾರ ಪಂದ್ಯ. ತಂಡದ ಬಸ್ಸು ಮನೆಯ ತಿರುವಿಗೇ ಬಂದು ನಿಲ್ಲುತ್ತಿತ್ತು.

ಅವರು ಪಂದ್ಯಕ್ಕೆ ಹೊರಟ ಸಪ್ಪಳವಾದರೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲಿದ್ದರೆ ಸರಸರ ಒಳಗೆ ಬರುತ್ತಿದ್ದೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಗಂಡ ಸತ್ತವಳು ಒಳ್ಳೆಯ ಕೆಲಸಕ್ಕೆ ಹೊರಟವರ ಎದುರು ಬರಬಾರದು ಎಂದಿತ್ತು. ನನ್ನ ತಮ್ಮನ ಮಗ ಹುಬ್ಬಳ್ಳಿಗೆ ನೌಕರಿ ಸಂದರ್ಶನಕ್ಕೆ ಹೊರಟಾಗ ನಾನು ಕೊಡ ಹಿಡಿದು ಎದುರಾದೆ. ತಮ್ಮನ ಹೆಂಡತಿ ನನಗೆ ಏನೂ ಅನ್ನಲಿಲ್ಲ. ಮಗನಿಗೆ ಮಾತ್ರ, “ಚೂರು ಕುಂತು, ನೀರ ಕುಡದು ಹೋಗಪಾ,” ಅಂದಳು. ನನಗೆ ಅಷ್ಟೇ ಸಾಕಾಯಿತು. ಅಂದಿನಿಂದ ಯಾರಿಂದಲೂ ಹೇಳಿಸಿಕೊಳ್ಳದೆ ನಾನೇ ಸರಿದುಕೊಳ್ಳತೊಡಗಿದೆ. ಜರ್ಮನಿಗೆ ಹೋದಾಗ ಈ ರೂಢಿಯೂ ನನ್ನ ಸಂಗಡವೇ ಬಂದಿತ್ತು.

ಒಂದು ಶುಕ್ರವಾರ ನೆಲಮಾಳಿಗೆಯಲ್ಲಿ ಕೂಸಿನ ಬಟ್ಟೆ ಒಗೆದು, ಬುಟ್ಟಿ ಹೊತ್ತು ಮೇಲೆ ಬರುತ್ತಿದ್ದೆ. ಅಲ್ಲಿ ಮೆಟ್ಟಿಲ ದೀಪ ಎರಡು ನಿಮಿಷಕ್ಕೆ ತಾನೇ ಆರುತ್ತದೆ. ಆರಿತು. ಗುಂಡಿ ಒತ್ತಿ ನೋಡಿದರೆ ಅಣ್ಣತಮ್ಮ ಇಬ್ಬರೂ ಚೀಲ ಹೊತ್ತು ನನ್ನ ಎದುರಿಗೇ ಇದ್ದರು. ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿ ನಿಂತೆ. “ಹಲೋ ಓಮಾ,” ಅಂದ ಸಣ್ಣವ. ಅಜ್ಜಿಗೆ ಅವರು ಓಮಾ ಅನ್ನುತ್ತಾರೆ. ತಿರುಗಿ ಹೋಗಿ ಕುಳಿತು ನೀರು ಕುಡಿದು ಬನ್ನಿ ಎಂದು ಹೇಳಬೇಕೆನಿಸಿತು. ಭಾಷೆಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ನಿಮ್ಮಪ್ಪನ ಮುಂದೆ ಹೇಳಿಕೊಂಡೆ. ಆಗ ಅವನು ತಿಳಿಸಿದ: ದೊಡ್ಡವನ ಮೊಣಕಾಲಿಗೆ ಆಪರೇಷನ್ ಆಗಿದೆ, ಮಾರ್ಚಿಗೆ ಅವನ ಕರಾರು ಮುಗಿಯುತ್ತದೆ, ಮುಂದೆ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಈ ಪಂದ್ಯಗಳನ್ನು ನೋಡಿ ನಿರ್ಧಾರ ಮಾಡುತ್ತಾರೆ ಎಂದು.

ಆ ಶುಕ್ರವಾರದ ಪಂದ್ಯ ಅವರು ಗೆದ್ದಿದ್ದರು. ಹಿಂದೆ ನಿಂತು ತಡೆಯುವುದೇ ಕೆಲಸವಾದ ದೊಡ್ಡವ ಅವತ್ತು ಎರಡು ಗೋಲು ಹೊಡೆದಿದ್ದ. ರವಿವಾರ ಮಧ್ಯಾಹ್ನ ಬಾಗಿಲು ಬಡಿದರು. ನಿಮ್ಮಲ್ಲಿ ಹಿರಿಯವಳಿಗೆ ಆಗ ಐದು ವರ್ಷ. ಕಿಂಡರ್‌ಗಾರ್ಟನ್‌ಗೆ ಹೋಗಿ ಜರ್ಮನ್ ಅವಳಿಗೆ ನೀರು ಕುಡಿದಂತೆ ಆಗಿತ್ತು. ಅವಳೇ ಹೋಗಿ ಬಾಗಿಲು ತೆರೆದಳು.

“ಅಜ್ಜೀ, ನೀ ಬುಟ್ಟಿ ತಗೊಂಡು ಮೆಟ್ಟಲದಾಗ ನಿಂದ್ರಬೇಕಂತ! ಶ್ನೆಲ್, ಲಗು ಲಗು, ಬಸ್ ಬಂದೈತಿ!”

“ಯಾಕಂತ?”

“ಅವತ್ತ ನಿಂತಿದ್ದೆಲ್ಲ, ಹಂಗ.”

ನಿಮ್ಮಪ್ಪ ಎದ್ದು ಹೋಗಿ ಮಾತಾಡಿಸಿದ. ಆಮೇಲೆ ತಿಳಿಯಿತು, ಆಟಗಾರರಿಗೂ ಶಕುನ ಬಹಳ. ದೊಡ್ಡವ ಎಡಗಾಲಿನ ಬೂಟನ್ನೇ ಮೊದಲು ಹಾಕುತ್ತಾನೆ. ಸಣ್ಣವ ಗೆಲ್ಲುತ್ತಿರುವಷ್ಟು ದಿನ ಒಳಅಂಗಿ ಒಗೆಯುವುದಿಲ್ಲ. ಆ ವಾಸನೆಯ ಮೂಲ ಅದು.

“ನಾ ಒಲ್ಲೆ,” ಅಂದೆ. “ಯಾಕಂತ ನೀನ ಹೇಳು ಅವರಿಗೆ.”

ಮಗ ಹೇಳಿದ. ದೊಡ್ಡವ ಚೀಲ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಏನೋ ಹೇಳಿದ. ಮಗ ನಗುತ್ತ ನನ್ನ ಕಡೆ ತಿರುಗಿದ.

“ಅವ್ವ, ಇವರ ಕಡೆ ಹೊಗೆಗೂಡು ಸ್ವಚ್ಛ ಮಾಡಾಂವ ಎದುರ ಬಂದ್ರ ಭಾಳ ಚಲೋ ಅಂತ. ಮೈಮ್ಯಾಲ ಕರೀ ಅರಬಿ, ಮುಖದ ತುಂಬ ಮಸಿ.”

“ಮಸಿ ಬಡಕೊಂಡಾಂವ ಚಲೋ?”

“ಹೂಂ. ಮುದುಕಿ ಎದುರ ಬಂದ್ರ ಕೆಟ್ಟಂತ ಅವನ ಅಜ್ಜೀನೂ ಹೇಳತಿದ್ಲಂತ. ಆದ್ರ ನಿನ್ನ ಪರೀಕ್ಷಾ ಆಗೇತಿ, ಎರಡು ಗೋಲು ಬಂದಾವು ಅಂತಾನ.”

ಸೊಸೆ ಒಳಗಿನಿಂದ ಕೂಗಿದಳು: “ಹೋಗ್ರಿ ಅತ್ತಿ, ಇಲ್ಲಂದ್ರ ಇಬ್ಬರೂ ಇಲ್ಲೇ ಕುಂದರ್ತಾರ!”

ಖಾಲಿ ಬುಟ್ಟಿ ಹಿಡಿದು ಹೋಗಿ ನಿಂತೆ. ಗೋಡೆಗೆ ಮುಖ ಮಾಡಿಯೇ ನಿಂತೆ. ಸಣ್ಣವ ಅದೂ ಸರಿ ಎಂಬಂತೆ ತಲೆಯಾಡಿಸಿದನಂತೆ, ಅವತ್ತೂ ಹಾಗೆಯೇ ನಿಂತಿದ್ದೆನಲ್ಲ. ನಾಲ್ಕು ವಾರ ಇದೇ ನಡೆಯಿತು. ಕೆಲವು ಗೆದ್ದರು, ಕೆಲವು ಸೋತರು. ಸೋತ ಮರುದಿನ ನಾನು ಅವರ ಮುಖ ನೋಡಲು ಹೆದರುತ್ತಿದ್ದೆ, ಅವರು ಎಂದಿನಂತೆ “ಹಲೋ ಓಮಾ” ಅನ್ನುತ್ತಿದ್ದರು. ಬರುಬರುತ್ತ ಗೋಡೆ ಬಿಟ್ಟು ಅವರ ಕಡೆಗೇ ಮುಖ ಮಾಡಿ ನಿಲ್ಲತೊಡಗಿದೆ.

ಒಂದು ಸಲ ಆಟ ನೋಡಲೂ ಹೋಗಿದ್ದೆವು. ಎರಡು ಸ್ವೆಟರ್ ಹಾಕಿದ್ದರೂ ನಡುಕ ನಿಲ್ಲಲಿಲ್ಲ. ಅವರು ಕೋಲಿನಿಂದ ಹೊಡೆಯುವ ರಬ್ಬರಿನ ಬಿಲ್ಲೆ ನನ್ನ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ. ಯಾರೋ ದೊಡ್ಡವನನ್ನು ಗೋಡೆಗೆ ಗುದ್ದಿ ಕೆಡವಿದರು. ಅವನು ಒಂದು ಮಂಡಿ ಊರಿ, ಬಹಳ ಹೊತ್ತು ತೆಗೆದುಕೊಂಡು ಎದ್ದ. ಗುದ್ದಿದವನ ಕಡೆ ಸಣ್ಣವ ಕೈಗವಸು ಕಿತ್ತೆಸೆದು ಓಡಿದ. ಮಂದಿಯೆಲ್ಲ ಎದ್ದು ಕೂಗಿದರು. ನಾನು ಮಾತ್ರ ದೊಡ್ಡವನ ಕಾಲನ್ನೇ ನೋಡುತ್ತ ಕುಳಿತಿದ್ದೆ.

ಮಾರ್ಚಿನ ಕೊನೆಯ ಪಂದ್ಯಕ್ಕೂ ನಾನು ಎದುರು ನಿಂತಿದ್ದೆ. ಆ ಪಂದ್ಯ ಸೋತರು. ಎರಡು ದಿನ ಬಿಟ್ಟು ಕೆಳಗೆ ಕಸ ಚೆಲ್ಲಲು ಹೋದಾಗ ಸಣ್ಣವ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ. ನನ್ನನ್ನು ಕಂಡು ಜರುಗಿ ದಾರಿ ಬಿಟ್ಟ, ಓಮಾ ಅನ್ನಲಿಲ್ಲ. ಸಂಜೆ ನಿಮ್ಮಪ್ಪ ಸುದ್ದಿ ತಂದ. ಸಣ್ಣವನನ್ನು ಇಟ್ಟುಕೊಂಡಿದ್ದಾರೆ, ದೊಡ್ಡವನನ್ನು ಬಿಟ್ಟಿದ್ದಾರೆ. ಚಿಕ್ಕಂದಿನಿಂದ ಒಂದೇ ತಂಡದಲ್ಲಿ ಆಡಿದವರು.

“ನಾ ಅವತ್ತ ನಿಂದ್ರಬಾರದಿತ್ತು,” ಅಂದೆ.

ನಿಮ್ಮಪ್ಪನಿಗೆ ಸಿಟ್ಟು ಬಂತು. “ಮೊಣಕಾಲ ನೋಡಿ ಬಿಟ್ಟಾರವ್ವ ಅವನ್ನ. ಡಾಕ್ಟರ್ ಬರದ್ದನ್ನ ಓದ್ಯಾರ. ನಿನ್ನ ಹೆಸರ ಆ ಕಾಗದದಾಗ ಎಲ್ಲೂ ಇಲ್ಲ.”

ಆದರೂ ಮರುದಿನದಿಂದ ನಾನು ಮತ್ತೆ ಬಾಗಿಲು ಹಾಕಿಕೊಳ್ಳತೊಡಗಿದೆ. ಅವರಾಗಿ ಬಂದು ಬಡಿಯಲೂ ಇಲ್ಲ, ಪಂದ್ಯಗಳೇ ಮುಗಿದಿದ್ದವು.

ನಾನು ಊರಿಗೆ ಮರಳಲು ನಾಲ್ಕು ದಿನ ಉಳಿದಿತ್ತು. ಬಡಗಣ ದಿಕ್ಕಿನ ಯಾವುದೋ ಊರಿನ ಸಣ್ಣ ತಂಡದವರು ದೊಡ್ಡವನನ್ನು ಕರೆದಿದ್ದಾರೆ ಎಂದು ಮಗ ಹೇಳಿದ. ಇನ್ನೂ ಗಟ್ಟಿಯಿಲ್ಲ. ಒಂದು ವಾರ ಅವರ ಜೊತೆ ಆಡಿ ತೋರಿಸಬೇಕು. ಅದೂ ಆಗದಿದ್ದರೆ ಆಟ ಬಿಟ್ಟು ಹಳ್ಳಿಗೆ ಹೋಗಿ ಅಪ್ಪನ ಆಕಳುಗಳನ್ನು ನೋಡಿಕೊಳ್ಳುತ್ತೇನೆ ಅಂದಿದ್ದನಂತೆ.

ಸೋಮವಾರ ಬೆಳಿಗ್ಗೆ ಎಂಟರ ಹೊತ್ತು. ಮಗ ಕೆಲಸಕ್ಕೆ, ಹುಡುಗಿ ಕಿಂಡರ್‌ಗಾರ್ಟನ್‌ಗೆ ಹೋಗಿದ್ದರು. ಸೊಸೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಚೀಲ ಮೆಟ್ಟಿಲಿಗೆ ತಾಗುತ್ತ ಬರುವ ಸಪ್ಪಳ ಕೇಳಿತು, ಒಂದೇ ಚೀಲದ್ದು. ಎಡಗಾಲು ಬೇಗ, ಬಲಗಾಲು ತಡ. ನಾನು ಚಿಲಕಕ್ಕೆ ಕೈಯಿಟ್ಟುಕೊಂಡು ನಿಂತೆ. ಅವನು ಬಡಿಯಲಿಲ್ಲ. ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ಸಪ್ಪಳ ನಿಂತಿತು, ಮತ್ತೆ ಕೆಳಗಿಳಿಯಿತು. ನನಗೆ ಕಷ್ಟವಾದೀತೆಂದು ಅವನೇ ಕರೆಯದೆ ಹೋದನೋ, ಇಲ್ಲ ನನ್ನ ಮೇಲಿನ ನಂಬಿಕೆಯೇ ಹೋಯಿತೋ ಎಂದು ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಅಷ್ಟು ದೂರ ಹೊರಟವನನ್ನು ಬಾಗಿಲ ಹಿಂದೆ ನಿಂತು ಕಳಿಸುವುದು ನನ್ನಿಂದ ಆಗಲಿಲ್ಲ.

ಬಾಗಿಲು ತೆರೆದು ಅವನ ಹಿಂದೆ ಇಳಿದೆ. ಚಪ್ಪಲಿ ಹಾಕಿಕೊಳ್ಳಲಿಲ್ಲ, ಬುಟ್ಟಿಯೂ ಇರಲಿಲ್ಲ. ಕೆಳಗೆ ಸಣ್ಣವ ಕಾರಿನಲ್ಲಿ ಚೀಲ ಇಡುತ್ತಿದ್ದ. ನಾನು ಅವರನ್ನು ದಾಟಿ ಹೋಗಿ ಕಾರಿನ ಮುಂದೆ, ರಸ್ತೆಯ ಅಂಚಿಗೆ ನಿಂತೆ. ಬೇಕೆಂದೇ ಎದುರು ನಿಂತೆ. ಸಣ್ಣವ ಅಣ್ಣನ ಮುಖ ನೋಡಿದ. ದೊಡ್ಡವ ಬಂದು ನನ್ನ ಎರಡೂ ಕೈ ಹಿಡಿದು ಏನೋ ಹೇಳಿದ. ಹುಡುಗಿ ಇರಲಿಲ್ಲವಾದ್ದರಿಂದ ಏನು ಹೇಳಿದನೆಂದು ಇಂದಿಗೂ ಗೊತ್ತಿಲ್ಲ. “ಹುಷಾರಪಾ,” ಅಂದೆ ನಾನು. ಅದು ಅವನಿಗೆ ಗೊತ್ತಾಗಿರಲಿಕ್ಕಿಲ್ಲ.

ಕಾರು ನನ್ನ ಪಕ್ಕದಿಂದಲೇ ಹೋಯಿತು. ಕಾಲು ಮರಗಟ್ಟಿದ್ದವು. ಮೇಲೆ ಬಂದಾಗ ಸೊಸೆ ಬಿಸಿನೀರು ಇಟ್ಟಿದ್ದಳು. ಕಿಟಕಿಯಿಂದ ನೋಡಿದ್ದಳು.

ಊರಿಗೆ ಬಂದ ಎರಡನೆಯ ರವಿವಾರ ನಿಮ್ಮಪ್ಪನ ಫೋನು ಬಂತು.

“ಅವ್ವ, ತಗೊಂಡಾರಂತ ಅವನ್ನ. ಒಂದು ವರ್ಷದ ಮಟ್ಟಿಗೆ. ನಿನಗ ಹೇಳು ಅಂತ ಸಣ್ಣವ ಮನೀಗೇ ಬಂದಿದ್ದ.”

“ಮೊಣಕಾಲ ಹೆಂಗೈತಂತ?” ಎಂದು ಕೇಳಿದೆ.

ಅದನ್ನು ಕೇಳಿರಲಿಲ್ಲವಂತೆ. ಕೇಳಿ ಹೇಳು ಅಂದೆ.