ನಳಿಗೆಯ ಮೇಲೆ ಮುನ್ನೂರ ಹದಿನೆಂಟು

ನನ್ನ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿದ್ದರೆ ಒಂದು ಸೀನಿಗೆ ಉದುರಿ ಹೋಗುತ್ತಿತ್ತು. ಅವಳದು ಹೊಟ್ಟೆಯೊಳಗಿನ ಕೋಪ. ಮೂವತ್ತೊಂದು ವರ್ಷದಿಂದ ಬೂದಿ ಮುಚ್ಚಿದ ಕೆಂಡ. ಬಂದೂಕು ರಿಪೇರಿಗೆ ಬರುತ್ತಿದ್ದವರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕಿಡಿಯಕ್ಕ. ಎದುರಿಗೇ ಕಿಡಿಯಕ್ಕ ಎಂದವನು ಒಬ್ಬನೇ ಒಬ್ಬ. ಅವನು ಆಮೇಲೆ ತನ್ನ ಬಂದೂಕನ್ನು ರಿಪೇರಿಗೆ ಬೇರೆ ಊರಿಗೆ ಹೊತ್ತುಕೊಂಡು ಹೋದ.

ನಮ್ಮದು ಹಳೆಯ ಬಂದೂಕುಗಳನ್ನು ಮತ್ತೆ ಮೊದಲಿನಂತೆ ಮಾಡಿಕೊಡುತ್ತಿದ್ದ ಅಂಗಡಿ. ಎರಡೇ ಕೋಣೆ. ಮುಂದಿನದರಲ್ಲಿ ಕಬ್ಬಿಣದ ಕೆಲಸ, ಅದು ಅಕ್ಕನದು. ಕಿಟಕಿ ಪಕ್ಕದ ಮೇಜು, ಅದಕ್ಕೆ ಬಿಗಿದ ಇಕ್ಕಳ, ಎಣ್ಣೆ ಡಬ್ಬಿಗಳು, ಉದ್ದನೆಯ ಬ್ರಷ್ಷುಗಳು. ಹಿಂದಿನ ಕೋಣೆಯಲ್ಲಿ ಮರದ ಕೆಲಸ, ಅದು ನನ್ನದು. ಸೀಳಿದ ಹಿಡಿಗಳನ್ನು ಅಂಟಿಸುವುದು, ಗೆದ್ದಲು ತಿಂದ ಕಡೆ ಹೊಸ ಮರ ಕೂರಿಸುವುದು, ವಾರಗಟ್ಟಲೆ ಅಗಸೆ ಎಣ್ಣೆ ತಿಕ್ಕುವುದು. ಎರಡು ಕೋಣೆಗಳ ನಡುವೆ ಬಾಗಿಲಿಲ್ಲ, ಬರೀ ಹೊಸ್ತಿಲು. ಆದರೆ ಈ ಮೂವತ್ತೊಂದು ವರ್ಷದಲ್ಲಿ ಕಬ್ಬಿಣದ ಒಂದು ಚೂರನ್ನೂ ಅಕ್ಕ ನನ್ನ ಕೈಗೆ ಕೊಟ್ಟಿರಲಿಲ್ಲ. ನಾನು ಕೇಳಿದಾಗೆಲ್ಲ ಒಂದೇ ಉತ್ತರ.

"ನಿಂಗೆ ಮರ ಸಾಕು ಕಣೋ. ತಪ್ಪಾದ್ರೆ ಒಲೆಗೆ ಹಾಕ್ಬಹುದು."

ಅವಳ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಹಲಗೆ. ಅದರ ಮೇಲೆ ಮದ್ದಿಲ್ಲದ ಖಾಲಿ ತೋಟಾಗಳು ಶಾಲೆಯ ಗ್ರೂಪ್ ಫೋಟೋದ ಹಾಗೆ ಎತ್ತರದ ಪ್ರಕಾರ ನಿಂತಿವೆ. ಬಂದ ಗಿರಾಕಿಗಳೆಲ್ಲ ಅದನ್ನು ನೋಡಿ ಕೇಳುವ ಪ್ರಶ್ನೆಯೂ ಒಂದೇ, "ಇದ್ರಲ್ಲಿ ಯಾವುದು ಜೋರು ಮೇಡಂ?" ಮನಸ್ಸು ಸರಿಯಿದ್ದ ದಿನ ಅಕ್ಕ ಪಾಠ ಶುರು ಮಾಡುತ್ತಿದ್ದಳು.

"ತ್ರೀ ನಾಟ್ ತ್ರೀ ನೋಡಿ, ಗಟ್ಟಿಮುಟ್ಟು, ಕೆಸರಲ್ಲೂ ನಂಬಬಹುದು. ಆದ್ರೆ ಭುಜಕ್ಕೆ ಚೆನ್ನಾಗೇ ಗುದ್ದುತ್ತೆ. ಈ ಏಳು ಮಿಲಿಮೀಟರಿಂದು ಸಣಕಲು, ಗುದ್ದೋದು ಕಮ್ಮಿ, ಬಹಳ ದೂರ ನೇರಕ್ಕೆ ಹೋಗುತ್ತೆ. ಯಾವುದು ಜೋರು ಅಂತ ಕೇಳೋದಲ್ಲ ಸ್ವಾಮಿ. ಯಾವ ನಳಿಗೆಗೆ ಯಾವುದು ಅಂತ ಕೇಳಿ."

ಸಾಲಿನಲ್ಲಿ ಎಂಟು ಮಿಲಿಮೀಟರಿನ ಎರಡು ತೋಟಾ ಪಕ್ಕಪಕ್ಕ ನಿಂತಿವೆ. ಅಲ್ಲಿಗೆ ಬಂದಾಗ ಅವಳ ಪಾಠ ನಿಲ್ಲುತ್ತಿತ್ತು. ಅವಳಿ ಮಕ್ಕಳ ಹಾಗೆ ಕಾಣುವ ತೋಟಾಗಳವು. ಹಿತ್ತಾಳೆಯ ಚಿಪ್ಪು ಎರಡಕ್ಕೂ ಒಂದೇ ಅಳತೆ. ತುದಿಯ ಗುಂಡು ಮಾತ್ರ ಬೇರೆ. ಅಂಗುಲವನ್ನು ಸಾವಿರ ಭಾಗ ಮಾಡಿದರೆ ಹಳೆಯದರ ಗುಂಡು ಮುನ್ನೂರ ಹದಿನೆಂಟು ಭಾಗ ದಪ್ಪ, ಆಮೇಲೆ ಬಂದದ್ದು ಮುನ್ನೂರ ಇಪ್ಪತ್ಮೂರು. ವ್ಯತ್ಯಾಸ ಒಂದು ದಪ್ಪ ಹಾಳೆಯಷ್ಟು. ಹಳೆಯ ಕಿರಿದಾದ ನಳಿಗೆಯ ರೈಫಲ್ಲಿಗೆ ಹೊಸ ದಪ್ಪ ಗುಂಡಿನ ತೋಟಾ ಹಾಕಿದರೆ ಬೆಣ್ಣೆಯಲ್ಲಿ ಕೂದಲು ಇಳಿದ ಹಾಗೆ ಇಳಿಯುತ್ತದೆ, ಹಿಂದಿನ ಬಾಯಿ ಮುಚ್ಚುವ ಬೋಲ್ಟೂ ಸಲೀಸಾಗಿ ಕೂರುತ್ತದೆ. ಬಂದೂಕಿನ ಕುದುರೆ ಎಳೆದಾಗಲೇ ಗೊತ್ತಾಗುವುದು, ಗುಂಡಿಗೆ ಮುಂದೆ ದಾರಿ ಸಾಲದೆಂದು. ಒಂದೆರಡು ಸಲ ಗುಂಡು ಹೇಗೋ ತೂರಿಕೊಂಡು ಹೋಗಬಹುದು, ಆಮೇಲೊಮ್ಮೆ ಮುಂದೆ ಹೋಗಲಾಗದ ಬೆಂಕಿ ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಹೊಡೆಯುವವನ ಕಣ್ಣು.

ನಮ್ಮಪ್ಪನ ಬಲಗಣ್ಣು ಹೋದದ್ದು ಹೀಗೆ. ಅಪ್ಪ ಶೂಟಿಂಗ್ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಗುರಿಹಲಗೆ ನೆಡುವುದು, ತೂತು ಎಣಿಸುವುದು, ಮೆಂಬರುಗಳ ಬಂದೂಕು ಹೊತ್ತು ತರುವುದು. ಇದರ ಜೊತೆಗೆ ಇನ್ನೊಂದು ಕೆಲಸವಿತ್ತು, ಅದನ್ನು ಕ್ಲಬ್ಬಿನವರು ಪದ್ಧತಿ ಎನ್ನುತ್ತಿದ್ದರು. ರಿಪೇರಿಯಾಗಿ ಬಂದ ಬಂದೂಕಿನಿಂದ ಮೊದಲ ಮೂರು ಗುಂಡು ಮಾರ್ಕರ್ ಹೊಡೆಯಬೇಕು. ಅವನಿಗೇನೂ ಆಗದಿದ್ದರೆ ಮೆಂಬರು ಹೊಡೆಯುತ್ತಾರೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಅಂತ ನಮ್ಮಲ್ಲಿ ಮಾತಿದೆಯಲ್ಲ, ಆ ಮಾತು ಹುಟ್ಟಿದ್ದು ಇಂಥವರನ್ನು ನೋಡಿಯೇ ಇರಬೇಕು. ಎರಡು ಗುಂಡಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಆಯಿತು. ತೋಟಾ ಕೆಟ್ಟಿತ್ತು ಎಂದು ಕ್ಲಬ್ಬಿನವರು ಕಡತ ಮುಚ್ಚಿ, ಅಪ್ಪನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಕೆಳಗೆ 'ಕೃತಜ್ಞತೆಯೊಂದಿಗೆ' ಎಂದು ಕೆತ್ತಿಸಿದ್ದರು. ಅಕ್ಕ ಅದನ್ನು ಅಂಗಡಿಯಲ್ಲಿ ತೂಗುಹಾಕಿದ್ದಾಳೆ, ಒಂದು ದಿನವೂ ಕೀ ಕೊಟ್ಟಿಲ್ಲ.

ತೋಟಾ ಕೆಟ್ಟಿರಲಿಲ್ಲ. ಕೆಟ್ಟದ್ದು ಬಂದೂಕಿನ ಗುರುತು, ಕೆಡಿಸಿದವನು ನಾನು. ಆಗ ನನಗೆ ಇಪ್ಪತ್ತೆರಡು, ಅಂಗಡಿ ನಮ್ಮ ಸೋದರಮಾವನದು, ಅಕ್ಕನೂ ನಾನೂ ಅವರ ಕೈಕೆಳಗೆ ಕಬ್ಬಿಣವನ್ನೇ ಕಲಿಯುತ್ತಿದ್ದೆವು. ಅಪ್ಪನ ಕಣ್ಣು ತೆಗೆದ ಆ ರೈಫಲ್ ನಮ್ಮಲ್ಲಿಗೆ ತುಕ್ಕು ಹಿಡಿದು ಬಂದಿತ್ತು. ಮರದ ಹಿಡಿ ಬಿಚ್ಚಿದರೆ ನಳಿಗೆಯ ಅಡಿಯಲ್ಲಿ ಒಳಗಿನ ಅಳತೆ ಹೇಳುವ ಸಣ್ಣ ಅಂಕಿಗಳಿದ್ದವು. ಹಳೆಯ ಬಂದೂಕಿನ ಜಾತಕವೆಲ್ಲ ಇರುವುದು ಅಲ್ಲೇ. ತುಕ್ಕು ತೆಗೆಯಬೇಕು, ಗುರುತು ಉಳಿಸಬೇಕು, ಈ ಕಸುಬಿನ ಮೊದಲ ಪಾಠ ಅದು. ನಾನು ಹೊಳಪಿನ ಆಸೆಗೆ ಬಿದ್ದು ಒಂದು ವಾರ ಎಮರಿ ಕಾಗದ ಹಿಡಿದು ತಿಕ್ಕಿದೆ. ನಳಿಗೆ ಕನ್ನಡಿಯಾಯಿತು, ಅಂಕಿ ಹೋಯಿತು. ಭೇಷ್ ಎಂದು ಮಾವ ಬೆನ್ನು ತಟ್ಟಿದರು. ಅವರು ಆ ಅಂಕಿ ಓದಿರಲೇ ಇಲ್ಲ. ಗುರುತಿಲ್ಲದ ಆ ಕಿರಿದಾದ ನಳಿಗೆಗೆ ಕ್ಲಬ್ಬಿನವರು ದಪ್ಪ ಗುಂಡಿನ ತೋಟಾ ಹಾಕಿಕೊಟ್ಟರು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಅಪ್ಪ ಆಮೇಲೆ ಎಂಟು ವರ್ಷ ಬದುಕಿದ್ದರು. ಉಳಿದ ಕಣ್ಣಿಗೆ ಸಂಜೆ ಸಂಜೆ ಔಷಧಿ ಹನಿ ಹಾಕುತ್ತಿದ್ದವನು ನಾನೇ. ಹನಿ ಹಾಕಿದ ಮೇಲೂ ಅವರು ಏಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಾ, "ಇನ್ನೇನಾದ್ರೂ ಇದೆಯೇನಪ್ಪಾ?" ಎನ್ನುತ್ತಿದ್ದರು. ಮುಪ್ಪಿನ ಮರೆವು ಅಂದುಕೊಂಡು ನಾನು, "ಇಲ್ಲಪ್ಪ, ಮುಗೀತು" ಎನ್ನುತ್ತಿದ್ದೆ.

ಅಪ್ಪನ ಕಣ್ಣು ಹೋದ ವರ್ಷವೇ ಮಾವ ತೀರಿಕೊಂಡು ಅಂಗಡಿ ಅಕ್ಕನಿಗೆ ಬಂತು. ಅಂದಿನಿಂದ ಅವಳದೊಂದು ನಿಯಮ. ನಳಿಗೆಯ ಮೇಲೆ ಏನೇ ಬರೆದಿರಲಿ ನಂಬುತ್ತಿರಲಿಲ್ಲ. ಎಣ್ಣೆ ಸವರಿದ ಸೀಸದ ಉಂಡೆಯನ್ನು ನಳಿಗೆಗಿಟ್ಟು, ಕೋಲಿನಿಂದ ತಳ್ಳಿ ಆ ಕಡೆ ಬೀಳಿಸುತ್ತಿದ್ದಳು. ಮೆತ್ತನೆಯ ಸೀಸ ನಳಿಗೆಯ ಒಳಗಿನ ಅಳತೆಯನ್ನು ಮೈಮೇಲೆ ಹೊತ್ತು ಬರುತ್ತದೆ. ಅದನ್ನು ಮೂರು ಸಲ ಅಳೆದು, ಗುರುತಿಲ್ಲದಿದ್ದರೆ ಗುರುತು ಹೊಡೆದೇ ಕೊಡುವುದು. ಲೈಸೆನ್ಸಿನ ಷರತ್ತಿನಲ್ಲೂ ಹಾಗೇ ಇದೆ, ಆದರೆ ಅವಳಷ್ಟು ಯಾರೂ ಅದನ್ನು ಪಾಲಿಸುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಆ ಸೋಮವಾರಕ್ಕಾಗಿ. ಅಂದು ಬೆಳಿಗ್ಗೆ ಅದೇ ಕ್ಲಬ್ಬಿನ ಈಗಿನ ಅಧ್ಯಕ್ಷರು ಬಂದರು. ಅವರ ಹಿಂದೆ ಬಂದೂಕಿನ ಪೆಟ್ಟಿಗೆ ಹೊತ್ತು ಈಗಿನ ಮಾರ್ಕರ್. ಸಣಕಲು ಆಳು, ಇಬ್ಬರು ಹೆಣ್ಣುಮಕ್ಕಳ ತಂದೆ, ನಿಲ್ಲುವುದಕ್ಕೂ ಅಪ್ಪಣೆ ಬೇಕೆನ್ನುವ ಹಾಗೆ ನಿಂತಿದ್ದ. ಪೆಟ್ಟಿಗೆಯಲ್ಲಿ ಅಧ್ಯಕ್ಷರ ತಾತನ ಎಂಟು ಮಿಲಿಮೀಟರ್ ರೈಫಲ್. ಎಲ್ಲಿಯೋ ಕೊಟ್ಟು ಪಾಲಿಶ್ ಮಾಡಿಸಿದ್ದರು. ನಳಿಗೆಯಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ಗುರುತು ಒಂದೂ ಇರಲಿಲ್ಲ.

"ಭಾನುವಾರ ಕ್ಲಬ್ಬಿಗೆ ನೂರು ವರ್ಷ. ಮೊದಲ ಗುಂಡು ಇದ್ರಿಂದಲೇ. ನೀವು ಸರಿಯಿದೆ ಅಂತ ಒಂದು ಸರ್ಟಿಫಿಕೇಟ್ ಬರೆದ್ಕೊಡಿ, ಅಷ್ಟೇ," ಎಂದರು ಅಧ್ಯಕ್ಷರು.

ಅಕ್ಕ ಸೀಸದ ಉಂಡೆ ತೆಗೆದಳು. ಅಳೆದಳು, ಮತ್ತೆ ಅಳೆದಳು, ಇನ್ನೊಮ್ಮೆ ಅಳೆದಳು.

"ಮುನ್ನೂರ ಹದಿನೆಂಟು. ಹಳೇ ನಳಿಗೆ. ನಿಮ್ಮ ಹತ್ರ ಇರೋ ತೋಟಾ ಯಾವುದು?"

ಅವರು ಜೇಬಿನಿಂದ ಒಂದು ತೆಗೆದು ತೋರಿಸಿದರು. ದಪ್ಪ ಗುಂಡಿನದು.

"ಇದನ್ನ ಹಾಕೋ ಹಾಗಿಲ್ಲ."

"ಏನಮ್ಮಾ, ಸಲೀಸಾಗಿ ಒಳಗೆ ಹೋಗುತ್ತೆ, ನಾನೇ ಹಾಕಿ ನೋಡಿದ್ದೀನಿ. ಒಂದು ಹಾಳೆ ದಪ್ಪಕ್ಕೆ ಇಷ್ಟು ರಗಳೆನಾ? ಹೋದ ವಾರ ಎರಡು ಗುಂಡು ಹೊಡೆಸಿದ್ದೂ ಆಯ್ತು. ಏನೂ ಆಗಲಿಲ್ಲ."

"ಹೊಡೆದವರು ಯಾರು?"

"ಇವನೇ." ಅಧ್ಯಕ್ಷರು ಹಿಂದೆ ತಿರುಗಿಯೂ ನೋಡದೆ ಹೆಬ್ಬೆರಳು ತೋರಿಸಿದರು. "ಮೂರನೇದು ಭಾನುವಾರ ಬೆಳಿಗ್ಗೆ ಹೊಡೀತಾನೆ. ಆಮೇಲೆ ನಾನು. ಪದ್ಧತಿ."

ಅಕ್ಕ ಎದ್ದು ನಿಂತ ರಭಸಕ್ಕೆ ಸ್ಟೂಲು ಉರುಳಿತು.

"ಪದ್ಧತಿಗೆ ಬೆಂಕಿ ಹಾಕ! ನಮ್ಮಪ್ಪಂಗೂ ಎರಡು ಗುಂಡಿಗೆ ಏನೂ ಆಗಿರಲಿಲ್ಲ. ಅಲ್ನೋಡಿ ಗಡಿಯಾರ, ನಿಮ್ಮ ಕ್ಲಬ್ಬಿಂದೇ. ಒಂದು ಕಣ್ಣಿಗೆ ಒಂದು ಗಡಿಯಾರ. ಇವನಿಗೂ ಒಂದು ತಂದಿಟ್ಟಿದ್ದೀರಾ? ಹೆಸರು ಕೆತ್ತಿಸಿ ಆಯ್ತಾ? ನಿಮ್ಮ ತಾತನ ಬಂದೂಕಿನ ಮೇಲೆ ಅಷ್ಟು ನಂಬಿಕೆ ಇದ್ರೆ ನಡೀರಿ ಹಿತ್ತಲಿಗೆ, ನೀವೇ ಕೆನ್ನೆಗಾನಿಸಿ ಮೂರನೇದು ಹೊಡೀರಿ. ಈಗಲೇ ಸರ್ಟಿಫಿಕೇಟ್ ಬರೀತೀನಿ, ಚಿನ್ನದ ನೀರಲ್ಲಿ ಬರೀತೀನಿ!"

ಅಧ್ಯಕ್ಷರ ಮುಖ ಕೆಂಪಗಾಯಿತು. ಹಿತ್ತಲ ಕಡೆ ಹೆಜ್ಜೆಯನ್ನಂತೂ ಇಡಲಿಲ್ಲ. ದನಿ ಇಳಿಸಿ, ಬಹುವಚನವನ್ನೂ ಇಳಿಸಿ ಹೇಳಿದರು, "ನೋಡಮ್ಮ, ಬರೋ ತಿಂಗಳು ನಿನ್ನ ಲೈಸೆನ್ಸು ಮುಗಿಯುತ್ತೆ. ಶಿಫಾರಸು ಕಮಿಟಿಯಲ್ಲಿ ಕೂರೋನು ನಾನು. ಸರ್ಟಿಫಿಕೇಟ್ ಕೊಟ್ರೆ ಅಂಗಡಿ ಇರುತ್ತೆ. ಯೋಚನೆ ಮಾಡು."

ಅಂಗಡಿಯೇ ಅಕ್ಕನ ಬದುಕು. ಮದುವೆ, ಮಕ್ಕಳು ಯಾವುದಕ್ಕೂ ಅವಳು ಆ ಮೇಜಿನಿಂದ ಎದ್ದವಳಲ್ಲ. ನಾನು ಹೊಸ್ತಿಲ ಮೇಲೆ ನಿಂತು, ಅವಳು ಒಂದು ಸಲವಾದರೂ ಹಿಂದೆ ಮುಂದೆ ನೋಡಲಿ ಅಂತ ಹಾರೈಸಿದೆ. ನಾಚಿಕೆಗೇಡು, ಆದರೆ ಹಾರೈಸಿದ್ದು ನಿಜ. ಅವಳು ರೈಫಲ್ಲಿನ ನಳಿಗೆಯನ್ನು ಇಕ್ಕಳಕ್ಕೆ ಕೊಟ್ಟು ಬಿಗಿದಳು. ಡ್ರಾಯರಿನಿಂದ ಅಂಕಿಯ ಉಕ್ಕಿನ ಅಚ್ಚುಗಳನ್ನು ತೆಗೆದಳು. ಅಡಿಯಲ್ಲಲ್ಲ, ಮರ ಮುಚ್ಚುವ ಜಾಗದಲ್ಲಲ್ಲ, ನಳಿಗೆ ಬಲು ದಪ್ಪಗಿರುವ ಬುಡದಲ್ಲಿ, ನೆತ್ತಿಯ ಮೇಲೆ, ಗುರಿ ಹಿಡಿಯುವವನ ಕಣ್ಣಿಗೆ ನೇರ ಬೀಳುವಲ್ಲಿ ಅಚ್ಚಿಟ್ಟು ಸುತ್ತಿಗೆ ಎತ್ತಿದಳು.

"ಏಯ್! ಪಾಲಿಶ್ ಹಾಳಾಗುತ್ತೆ! ಮುಟ್ಟಬೇಡ!" ಅಧ್ಯಕ್ಷರು ಮುಂದೆ ನುಗ್ಗಿದರು. ಮಧ್ಯೆ ಮಾರ್ಕರ್ ನಿಂತಿದ್ದ. ಅವನು ಬೇಕೆಂದು ಅಡ್ಡ ಬಂದನೋ, ಸರಿಯುವುದನ್ನು ಮರೆತನೋ ನಾನು ಹೇಳಲಾರೆ. ಪೆಟ್ಟಿಗೆ ಅಪ್ಪಿಕೊಂಡು ಅಲ್ಲಾಡದೆ ನಿಂತಿದ್ದ.

ಮೂರು. ಒಂದು. ಎರಡೇ ಏಟು, ಎರಡೂ ಆಳ. ಅಷ್ಟಾದ ಮೇಲೆ ಅಕ್ಕ ನನ್ನ ಕಡೆ ತಿರುಗಿ ಸುತ್ತಿಗೆಯ ಹಿಡಿಯನ್ನು ಚಾಚಿದಳು.

"ಬಾ. ಎಂಟು ನೀನು ಹೊಡಿ."

ಮೂವತ್ತೊಂದು ವರ್ಷ ಬೇಡಿದ್ದ ಕಬ್ಬಿಣ. ಅಚ್ಚು ಎರಡು ಸಲ ಜಾರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಕಳ್ಳ ಎಂದೂ ಅಂದಿರಲಿಲ್ಲ, ನಾನು ಅವಳ ಮುಖ ನೋಡದೆ ಅಚ್ಚನ್ನು ಮತ್ತೆ ನೆಟ್ಟಗಿಟ್ಟೆ. ಹೊಡೆದೆ. ಎಂಟು ಸ್ವಲ್ಪ ಓರೆಯಾಯಿತು.

ಅಧ್ಯಕ್ಷರು ಬಾಯಿಗೆ ಬಂದದ್ದೆಲ್ಲ ಬೈದು, ಲೈಸೆನ್ಸಿನ ಆಸೆ ಬಿಟ್ಟುಬಿಡು ಎಂದು ಕೂಗಿ ಹೊರಟರು. ಮಾರ್ಕರ್ ರೈಫಲನ್ನು ಪೆಟ್ಟಿಗೆಗೆ ಇಡುವಾಗ ಆ ಅಂಕಿಗಳ ಮೇಲೆ ಬೆರಳಾಡಿಸಿದ.

"ಅಕ್ಕಾ, ಭಾನುವಾರ ಹೊಡಿ ಅಂದ್ರೆ ಇದನ್ನ ತೋರಿಸಿ ಆಗಲ್ಲ ಅಂತೀನಿ."

"ಜೋರಾಗಿ ಅನ್ನು. ಎಲ್ರಿಗೂ ಕೇಳೋ ಹಾಗೆ," ಎಂದಳು ಅಕ್ಕ.

ಅವನು ಹೋದ ಮೇಲೆ ಅವಳು ಉರುಳಿದ ಸ್ಟೂಲನ್ನು ಎತ್ತಿಟ್ಟು ಕುಳಿತಳು. ನಾನು ಸುತ್ತಿಗೆ ಹಿಡಿದೇ ನಿಂತಿದ್ದೆ.

"ಅಕ್ಕ, ನಂಗೆ ಯಾಕೆ ಕೊಟ್ಟೆ?"

"ಅಳಿಸಿದ್ದು ನೀನು ತಾನೆ?"

ನಾನು ಸುತ್ತಿಗೆಯನ್ನು ಮೇಜಿನ ಮೇಲಿಟ್ಟೆ.

"ಆಸ್ಪತ್ರೆಯಲ್ಲಿ ಅಪ್ಪ ಕೇಳಿದ್ದೇ ಅದು. 'ಹಿಂದೆ ಬಿಚ್ಚಿ ಒರೆಸ್ವಾಗ ಆ ಬಂದೂಕಿನ ಅಡಿಯಲ್ಲಿ ಏನೋ ನಂಬರ್ ಇತ್ತಲ್ಲ, ಏನಾಯ್ತು ನೋಡು' ಅಂದ್ರು. ಹೋಗಿ ನೋಡ್ದೆ. ಹೊಳೀತಿತ್ತು. ಅದನ್ನ ತಿಕ್ಕಿದೋನು ನೀನೊಬ್ಬನೇ. ಅವತ್ತೇ ನಿನ್ನ ಕೆನ್ನೆಗೆ ಎರಡು ಬಿಗಿಯೋಣ ಅಂತ ಹೊರಟೆ. ಅಪ್ಪನೇ ತಡೆದ್ರು. 'ನೀನು ಕೇಳ್ಬೇಡ, ತಾನಾಗೇ ಹೇಳ್ತಾನೆ' ಅಂದ್ರು." ಅವಳ ದನಿ ಒಡೆಯಿತು, ಆದರೆ ಅಳುವಿಗಲ್ಲ, ಸಿಟ್ಟಿಗೆ. "ಎಂಟು ವರ್ಷ ಕಾದ್ರು ಕಣೋ. ನಾನು ಮೂವತ್ತೊಂದು. ಎಂಟು ಹೊಡೆಸಿದೆ ಅಂತ ಕ್ಷಮಿಸಿಬಿಟ್ಟೆ ಅಂದ್ಕೋಬೇಡ."

ಶಿಫಾರಸು ಬರಲಿಲ್ಲ. ಮುಂದಿನ ತಿಂಗಳು ಬೋರ್ಡು ಇಳಿಸಿದೆವು. ಈಗ ಅದೇ ಮೇಜಿನ ಮೇಲೆ ಅಕ್ಕ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಾಳೆ, ಬಂದವರ ಮೇಲೆ ಅಷ್ಟೇ ರೇಗುತ್ತಾಳೆ. ಆ ಭಾನುವಾರ ಮಾರ್ಕರ್ ಹೊಡೆಯಲಿಲ್ಲವಂತೆ. ಅಧ್ಯಕ್ಷರೂ ಹೊಡೆಯಲಿಲ್ಲವಂತೆ. ಅವನ ಎರಡು ಕಣ್ಣೂ ನೆಟ್ಟಗಿವೆ, ಮೊನ್ನೆ ಮಗಳ ಹೊಲಿಗೆ ಯಂತ್ರ ತಂದಿದ್ದ.

ನನಗೆ ಎಲ್ಲರ ಮೇಲೂ ಸಿಟ್ಟಿದೆ. ಕ್ಲಬ್ಬಿನ ಮೇಲೆ, ಕೇಳದೆ ಉಳಿದ ಅಕ್ಕನ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಸಂಜೆಯಾದರೆ ಅಪ್ಪನ ಮೇಲೂ ಬರುತ್ತದೆ. ಅಂಗಾತ ಮಲಗಿ, ಔಷಧಿ ತುಂಬಿದ ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಾ, "ಇನ್ನೇನಾದ್ರೂ ಇದೆಯೇನಪ್ಪಾ?" ಎಂದು ಎಂಟು ವರ್ಷ ಪ್ರತಿದಿನ ಕೇಳಿದರಲ್ಲ. ಪ್ರತಿದಿನ ನಾನು, "ಇಲ್ಲಪ್ಪ, ಮುಗೀತು" ಅಂದು ಸೀಸೆಯ ಮುಚ್ಚಳ ಹಾಕಿದೆ.