ಎಳೆದು ಕೂಡಿಸುವ ಮೂಳೆ

ಮುರಿದದ್ದನ್ನು ಕೂಡಿಸಬೇಕಾದರೆ ಒತ್ತಿ ಹಿಡಿಯಬೇಕು ಎಂದೇ ನಾನು ನಂಬಿದ್ದೆ. ಪಿಂಗಾಣಿ ಬಸಿ, ಕುರ್ಚಿಯ ಕಾಲು, ಮುನಿಸಿಕೊಂಡ ಅಣ್ಣತಮ್ಮಂದಿರು, ಎಲ್ಲಕ್ಕೂ ಅದೇ ಉಪಾಯ. ತೊಡೆಯ ಮೂಳೆಯ ಜಾತಿಯೇ ಬೇರೆ. ಅದನ್ನು ವಾರಗಟ್ಟಲೆ ಎಳೆಯುತ್ತಲೇ ಇರಬೇಕು. ಬಿಟ್ಟರೆ ತುಂಡುಗಳು ಒಂದರ ಮೇಲೊಂದು ಏರಿ ಕೂತು ಕಾಲು ಗಿಡ್ಡವಾಗುತ್ತದೆ.

ಈ ಜ್ಞಾನ ನನಗೆ ದೊರೆತದ್ದು ಜಯನಗರದಲ್ಲಿ. ಆಗ ಅದು ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಯಾರದೋ ಮನೆಗೆ ತೋಡಿದ್ದ ಪಾಯದೊಳಗೆ ಸೈಕಲ್ ಸಮೇತ ಗೃಹಪ್ರವೇಶ ಮಾಡಿದೆ. ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಮೊಣಕಾಲ ಕೆಳಗೆ ಕಂಬಿ ತೂರಿಸಿ, ಹಗ್ಗ ಕಟ್ಟಿ, ಮಂಚದಾಚೆ ಕಬ್ಬಿಣದ ತೂಕ ಇಳಿಬಿಟ್ಟರು. ಬಾವಿಯ ರಾಟೆಗೆ ಕೊಡ ಕಟ್ಟಿದ ಹಾಗೆ. ಕೊಡಕ್ಕೆ ನೋವಿಲ್ಲ, ನನಗಿತ್ತು.

ಅಮ್ಮ ಮಧ್ಯಾಹ್ನದ ಬಸ್ಸಿನಲ್ಲಿ ಸಾರನ್ನ ತರುತ್ತಿದ್ದಳು. ನಾನು ಉಂಡು, ಔಷಧದ ಮಂಪರಿನಲ್ಲಿ ನಿದ್ದೆ ಹೋಗುತ್ತಿದ್ದೆ. ಅಮ್ಮ ಬಂದರೆ ನೋವು ಇಳಿಯುತ್ತದೆ ಎಂದು ಪಕ್ಕದ ಮಂಚದವರೊಡನೆ ಜಂಬ ಕೊಚ್ಚಿದ್ದೂ ಉಂಟು. ಒಂದು ದಿನ ಡಾಕ್ಟರು ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು. "ಈ ತೂಕ ಯಾರಾದ್ರೂ ಮುಟ್ತಾರಾ?"

"ನಾನೇ ಸಾರ್," ಎಂದಳು ಅಮ್ಮ. "ಇವ್ನು ಮಲಗಿದ್ದಾಗ ಸ್ಟೂಲ್ ಮೇಲೆ ಎತ್ತಿಡ್ತಿದ್ದೆ. ಕಾಲು ಸ್ವಲ್ಪ ಸುಧಾರಿಸ್ಕೊಳ್ಲಿ ಅಂತ. ಹೋಗೋವಾಗ ಮತ್ತೆ ಬಿಡ್ತಿದ್ದೆ."

ದಾರಿಹೋಕರು ಹೊರೆ ಇಳಿಸಲೆಂದು ರಸ್ತೆಯ ಪಕ್ಕ ಕಲ್ಲು ನಿಲ್ಲಿಸಿದ ಜನ ನಾವು. ಭಾರ ಇಳಿಸುವುದಕ್ಕಿಂತ ದೊಡ್ಡ ಪುಣ್ಯ ನಮಗೆ ಗೊತ್ತಿಲ್ಲ. ಅಮ್ಮನಿಗೆ ಆ ಸ್ಟೂಲೂ ಅಂಥದೇ ಕಲ್ಲಾಗಿ ಕಂಡಿರಬೇಕು.

ಡಾಕ್ಟರು ಗದರಲಿಲ್ಲ. ಹೀಗೇ ಬಿಟ್ಟರೆ ಬದುಕಿರುವತನಕ ಕುಂಟು, ಇಲ್ಲವೇ ಅರೆಕೂಡಿದ ಮೂಳೆಯನ್ನು ಮತ್ತೆ ಮುರಿದು ಮೊದಲಿನಿಂದ ಎಳೆಯಬೇಕು ಎಂದರು. ನನಗೆ ಕುಂಟೇ ವಾಸಿ ಅನ್ನಿಸಿತು. ಅಮ್ಮನೇ ಹೇಳಿದಳು: "ಮುರೀರಿ ಸಾರ್. ನಾನಿನ್ನು ಒಳಗೆ ಬರಲ್ಲ."

ಬರಲಿಲ್ಲ. ಊಟ ತಂಗಿಯ ಕೈಲಿ ಬರುತ್ತಿತ್ತು. ಅಮ್ಮ ಗೇಟಿನಾಚೆ ಕಡಲೆಕಾಯಿ ಮಾರುವವಳ ಪಕ್ಕ ಕೂತಿದ್ದಾಳೆ ಎಂದು ತಂಗಿ ಹೇಳುತ್ತಿದ್ದಳು. ಎರಡನೆಯ ಸಲದ ನೋವನ್ನು ತಮಾಷೆಯಾಗಿ ಹೇಳುವ ಶಕ್ತಿ ನನಗಿಲ್ಲ. ಅಮ್ಮ ಬೇಕು ಎಂದು ಮಗುವಿನ ಹಾಗೆ ಅತ್ತೆ.

ಕಾಲು ನೆಟ್ಟಗಾಯಿತು. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದೆ. ಅಮ್ಮ ಓಡಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು, ಎರಡೂ ಕೈ ಸೆರಗಿನೊಳಗೆ ಬಿಗಿಹಿಡಿದು.

"ಮುಟ್ಬೋದಾ?" ಎಂದು ಕೇಳಿದಳು.

ಹೆತ್ತವಳಿಗೆ ಅಪ್ಪಣೆ ಕೊಡುವ ಗತಿ ಯಾವ ಮಗನಿಗೂ ಬೇಡ. ನಾನೇ ಕೈ ಚಾಚಿದೆ.